ಮಾಂಸ ಬಿಟ್ಟ ತಟ್ಟೆಗೆ ಏನು ಬರಬೇಕು?

ಸಸ್ಯಾಹಾರಕ್ಕೆ ಬದಲಾಗುವ ಮಾತು ಬಂದಾಗ ಚರ್ಚೆಯೆಲ್ಲ ಏನನ್ನು ಬಿಡಬೇಕು ಎಂಬುದರ ಸುತ್ತಲೇ ನಡೆಯುತ್ತದೆ. ಮಾಂಸ ಮಾತ್ರವೇ, ಮೀನೂ ಸೇರಿದೆಯೇ, ಮೊಟ್ಟೆಯನ್ನು ಉಳಿಸಿಕೊಳ್ಳಬಹುದೇ, ಹಾಲನ್ನೂ ಬಿಡಬೇಕೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ವಿಷಯ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಆದರೆ ದಿನಕ್ಕೆ ನೂರು ಗ್ರಾಂ ಮಾಂಸ ತಿನ್ನುತ್ತಿದ್ದ ವ್ಯಕ್ತಿ ಅದನ್ನು ಕೈಬಿಟ್ಟ ಮರುದಿನವೂ ಅವರ ದೇಹ ಅಷ್ಟೇ ಶಕ್ತಿ, ಅಷ್ಟೇ ಪ್ರೋಟೀನು, ಅಷ್ಟೇ ಕಬ್ಬಿಣ ಮತ್ತು ಸತುವನ್ನು ಕೇಳುತ್ತದೆ. ಆ ಕೊರತೆಯನ್ನು ಬೇರೆ ಯಾವುದೋ ಆಹಾರ ತುಂಬಲೇಬೇಕು, ಯೋಚಿಸಿ ತುಂಬಿದರೂ ಸರಿ, ಯೋಚಿಸದೆ ತುಂಬಿದರೂ ಸರಿ. ಆರೋಗ್ಯ, ಪರಿಸರ, ಪ್ರಾಣಿಗಳ ಹಿತ ಎಂಬ ಮೂರು ಕಾರಣಗಳಲ್ಲಿ ಯಾವುದಕ್ಕಾಗಿ ಈ ಬದಲಾವಣೆ ಮಾಡಿಕೊಂಡರೂ, ಅದರ ಫಲ ಬಿಟ್ಟ ಪದಾರ್ಥಕ್ಕಿಂತ ಹೆಚ್ಚಾಗಿ ಅದರ ಜಾಗಕ್ಕೆ ಬಂದ ಪದಾರ್ಥದಿಂದ ತೀರ್ಮಾನವಾಗುತ್ತದೆ ಎಂಬುದು ಈವರೆಗಿನ ಸಂಶೋಧನೆಯನ್ನು ಒಟ್ಟಾಗಿ ಓದಿದಾಗ ನನಗೆ ಸ್ಪಷ್ಟವಾಗುವ ಸಂಗತಿ.

ಆರೋಗ್ಯದ ವಾದದಿಂದಲೇ ಆರಂಭಿಸೋಣ. 2015ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧೀನದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸಂಸ್ಕರಿತ ಮಾಂಸವನ್ನು (ಸಾಸೇಜ್, ಬೇಕನ್‌ಗಳಂತೆ ಉಪ್ಪು, ಹೊಗೆ ಮೊದಲಾದವುಗಳಿಂದ ಕೆಡದಂತೆ ಮಾಡಿದ್ದು) ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ದನ, ಕುರಿ, ಹಂದಿ ಮೊದಲಾದವುಗಳ ಕೆಂಪು ಮಾಂಸವನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಸೇರಿಸಿತು. ಪ್ರತಿದಿನ 50 ಗ್ರಾಂ ಸಂಸ್ಕರಿತ ಮಾಂಸ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ನ ಅಪಾಯ ಸುಮಾರು ಶೇ 18ರಷ್ಟು ಹೆಚ್ಚುತ್ತದೆಂಬುದು ಅದರ ಅಂದಾಜು. ತಂಬಾಕು ಕೂಡ ಅದೇ ಮೊದಲ ಗುಂಪಿನಲ್ಲಿದೆ ಎಂಬ ಕಾರಣಕ್ಕೆ ಎರಡೂ ಸಮಾನ ಅಪಾಯಕಾರಿ ಎಂಬ ಮಾತು ಆಗ ಬಹಳ ಹರಡಿತು. ಅದು ತಪ್ಪು ಗ್ರಹಿಕೆ. ಆ ವರ್ಗೀಕರಣ ಸಾಕ್ಷ್ಯ ಎಷ್ಟು ಖಚಿತ ಎಂಬುದನ್ನು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಆದರೂ ಸಂಸ್ಕರಿತ ಮಾಂಸವನ್ನು ದಿನನಿತ್ಯ ತಿನ್ನುವವರು ಅದನ್ನು ಕಡಿಮೆ ಮಾಡಲು ಇಷ್ಟು ಸಾಕ್ಷ್ಯವೇ ಸಾಕು.

ಮಾಂಸ ಬಿಟ್ಟವರ ಒಟ್ಟಾರೆ ಆರೋಗ್ಯದ ಚಿತ್ರ ಮಾತ್ರ ಇಷ್ಟು ಸರಳವಾಗಿಲ್ಲ. ಬ್ರಿಟನ್ನಿನಲ್ಲಿ 1993ರಿಂದ ನಡೆಯುತ್ತಿರುವ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನವು ಸುಮಾರು 48,000 ಜನರನ್ನು 18 ವರ್ಷ ಗಮನಿಸಿ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮಾಂಸಾಹಾರಿಗಳಿಗೆ ಹೋಲಿಸಿದರೆ ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಶೇ 22ರಷ್ಟು ಕಡಿಮೆಯಿತ್ತು, ಆದರೆ ಪಾರ್ಶ್ವವಾಯು ಶೇ 20ರಷ್ಟು ಹೆಚ್ಚಿತ್ತು. ಶೇಕಡಾವಾರು ಲೆಕ್ಕ ಇಲ್ಲಿ ದಾರಿ ತಪ್ಪಿಸುವಂತಿದೆ. ಸಾವಿರ ಜನರಿಗೆ ಹತ್ತು ವರ್ಷಗಳಲ್ಲಿ ಎಷ್ಟು ಎಂದು ನೋಡಿದರೆ, ಹೃದಯ ಕಾಯಿಲೆಯ 10 ಪ್ರಕರಣಗಳು ತಗ್ಗಿದ್ದವು, ಪಾರ್ಶ್ವವಾಯುವಿನ 3 ಪ್ರಕರಣಗಳು ಹೆಚ್ಚಿದ್ದವು. ಹೆಚ್ಚಳ ಕಂಡದ್ದು ಮುಖ್ಯವಾಗಿ ಮಿದುಳಿನ ರಕ್ತಸ್ರಾವದಿಂದ ಉಂಟಾಗುವ ಬಗೆಯಲ್ಲಿ. ಅದೇ ಅಧ್ಯಯನದ 2020ರ ವರದಿಯಲ್ಲಿ, ಹಾಲು ಮೊಟ್ಟೆಗಳನ್ನೂ ಬಿಟ್ಟ ವೀಗನ್ನರಲ್ಲಿ ಸೊಂಟದ ಮೂಳೆ ಮುರಿತದ ಅಪಾಯ ಮಾಂಸಾಹಾರಿಗಳಿಗಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು. ಅವರ ಕಡಿಮೆ ದೇಹತೂಕ, ಕ್ಯಾಲ್ಸಿಯಂ ಮತ್ತು ಪ್ರೋಟೀನಿನ ಸೇವನೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಸ್ವಲ್ಪ ಕುಗ್ಗಿತು, ಅಳಿಯಲಿಲ್ಲ. ಮೂಳೆಗೆ ಬೇಕಾದದ್ದನ್ನು ಕೊಡುತ್ತಿದ್ದ ಆಹಾರ ಹೊರಟುಹೋಗಿ, ಅದರ ಜಾಗ ಅರ್ಧ ಮಾತ್ರ ತುಂಬಿದಾಗ ಆಗುವುದು ಇದೇ ಎಂದು ನಾನು ಇದನ್ನು ಓದುತ್ತೇನೆ.

ಇಂಥ ಅಧ್ಯಯನಗಳ ಮಿತಿಯನ್ನೂ ಹೇಳಲೇಬೇಕು. ಸಸ್ಯಾಹಾರವನ್ನು ಆಯ್ದುಕೊಳ್ಳುವವರು ಸಾಮಾನ್ಯವಾಗಿ ಸಿಗರೇಟು ಮದ್ಯಗಳಿಂದ ದೂರವಿರುವವರು, ವ್ಯಾಯಾಮ ಮಾಡುವವರು, ವೈದ್ಯರ ಮಾತು ಕೇಳುವವರು. ಅವರ ಆರೋಗ್ಯದ ಶ್ರೇಯಸ್ಸನ್ನೆಲ್ಲ ತಟ್ಟೆಗೇ ಕೊಡಲಾಗದು. ಉತ್ತರ ಅಮೆರಿಕದ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಸಮುದಾಯದ 73,000 ಜನರ ಅಧ್ಯಯನವು 2013ರಲ್ಲಿ ಸಸ್ಯಾಹಾರಿಗಳಲ್ಲಿ ಮರಣ ಪ್ರಮಾಣ ಶೇ 12ರಷ್ಟು ಕಡಿಮೆಯೆಂದು ತೋರಿಸಿತು. ಬ್ರಿಟನ್ನಿನ ಅಧ್ಯಯನದಲ್ಲಿ ಮಾಂಸಾಹಾರಿಗಳೂ ಆರೋಗ್ಯದ ಬಗ್ಗೆ ಕಾಳಜಿಯುಳ್ಳವರೇ ಆಗಿದ್ದರು, ಅಲ್ಲಿ ಒಟ್ಟಾರೆ ಮರಣ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಈ ತೊಡಕನ್ನು ತಪ್ಪಿಸಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 22 ಜೋಡಿ ತದ್ರೂಪಿ ಅವಳಿಗಳನ್ನು ಆರಿಸಿ, ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಎಂಟು ವಾರ ವೀಗನ್ ಆಹಾರ, ಇನ್ನೊಬ್ಬರಿಗೆ ಮಾಂಸವೂ ಇರುವ ಆರೋಗ್ಯಕರ ಆಹಾರ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ವೀಗನ್ ಗುಂಪಿನ ಎಲ್‌ಡಿಎಲ್ ಕೊಲೆಸ್ಟರಾಲ್ (ಸಾಮಾನ್ಯವಾಗಿ 'ಕೆಟ್ಟ' ಕೊಲೆಸ್ಟರಾಲ್ ಎನ್ನುವುದು) ಇನ್ನೊಂದು ಗುಂಪಿಗಿಂತ ರಕ್ತದ ಪ್ರತಿ ಡೆಸಿಲೀಟರಿಗೆ ಸುಮಾರು 14 ಮಿಲಿಗ್ರಾಂನಷ್ಟು ಹೆಚ್ಚು ಇಳಿಯಿತು. ಎಂಟು ವಾರ ಚಿಕ್ಕ ಅವಧಿ, 22 ಜೋಡಿ ಚಿಕ್ಕ ಸಂಖ್ಯೆ. ಆದರೂ ಕೊಲೆಸ್ಟರಾಲ್ ತಗ್ಗುವ ವಿಷಯದಲ್ಲಿ ಈ ಪ್ರಯೋಗ ಹಿಂದಿನ ಹಲವು ಪ್ರಯೋಗಗಳೊಂದಿಗೆ ಹೊಂದಿಕೊಳ್ಳುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಜನರಿಗೆ ತಲುಪಬೇಕಾದ ಅಧ್ಯಯನ ನನ್ನ ದೃಷ್ಟಿಯಲ್ಲಿ 2017ರದು. ಅಮೆರಿಕದ ನರ್ಸುಗಳು ಮತ್ತು ಇತರ ಆರೋಗ್ಯ ವೃತ್ತಿಪರರು ಸೇರಿ ಸುಮಾರು 2 ಲಕ್ಷ ಜನರ ದಶಕಗಳ ಮಾಹಿತಿಯನ್ನು ಪರಿಶೀಲಿಸಿದ ಸಂಶೋಧಕರು ಸಸ್ಯಜನ್ಯ ಆಹಾರವನ್ನೇ ಎರಡಾಗಿ ವಿಂಗಡಿಸಿದರು. ಇಡಿ ಧಾನ್ಯ, ಬೇಳೆಕಾಳು, ತರಕಾರಿ, ಹಣ್ಣು, ಬೀಜಗಳು ಒಂದು ಕಡೆ. ಸಂಸ್ಕರಿಸಿದ ಹಿಟ್ಟು, ಸಕ್ಕರೆ ಪಾನೀಯ, ಸಿಹಿತಿಂಡಿ, ಕರಿದ ಆಲೂಗಡ್ಡೆ ಇನ್ನೊಂದು ಕಡೆ. ಮೊದಲ ಬಗೆಯ ಆಹಾರ ಹೆಚ್ಚಾಗಿದ್ದವರಲ್ಲಿ ಹೃದಯ ಕಾಯಿಲೆಯ ಅಪಾಯ ಶೇ 25ರಷ್ಟು ಕಡಿಮೆಯಿತ್ತು. ಎರಡನೆಯ ಬಗೆ ಹೆಚ್ಚಾಗಿದ್ದವರಲ್ಲಿ ಶೇ 32ರಷ್ಟು ಹೆಚ್ಚಿತ್ತು. ಎರಡೂ ಸಸ್ಯಮೂಲದವೇ. ಬಿಳಿ ಹಿಟ್ಟು, ಸಕ್ಕರೆ, ಎಣ್ಣೆಗಳಿಂದ ತುಂಬಿದ ತಟ್ಟೆಯಲ್ಲಿ ಮಾಂಸದ ಒಂದು ತುಣುಕೂ ಇಲ್ಲದಿರಬಹುದು, ಆದರೆ ಹೃದಯಕ್ಕೆ ಅದರಿಂದ ಯಾವ ಉಪಕಾರವೂ ಇಲ್ಲ.

ಪೋಷಕಾಂಶಗಳ ವಿಷಯಕ್ಕೆ ಬಂದರೆ, ಜನ ಎಲ್ಲಕ್ಕಿಂತ ಹೆಚ್ಚು ಚಿಂತಿಸುವುದು ಪ್ರೋಟೀನಿನ ಬಗ್ಗೆ. ಅಷ್ಟು ಚಿಂತೆ ಅಗತ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವುದು ದೇಹತೂಕದ ಪ್ರತಿ ಕಿಲೋಗ್ರಾಂಗೆ 0.83 ಗ್ರಾಂ, ಎಂದರೆ 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಕಾಳುಗಳಲ್ಲಿ ಮೆಥಿಯೊನಿನ್ ಕಡಿಮೆ. ದಿನದ ಊಟದಲ್ಲಿ ಎರಡೂ ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪ್ರತಿಯೊಂದು ಹೊತ್ತಿನಲ್ಲೂ ಇವೆರಡನ್ನು ಒಟ್ಟಿಗೇ ತಿನ್ನಬೇಕೆಂದು 1970ರ ದಶಕದಲ್ಲಿ ಹಬ್ಬಿದ್ದ ಕಲ್ಪನೆಯನ್ನು ಪೋಷಣಾ ವಿಜ್ಞಾನ ಬಹಳ ಹಿಂದೆಯೇ ಕೈಬಿಟ್ಟಿದೆ. ಕಾಳಜಿ ಬೇಕಾದದ್ದು ವಯಸ್ಸಾದವರ ವಿಷಯದಲ್ಲಿ. ಸ್ನಾಯು ಕರಗದಂತೆ ಅವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರು ಹೇಳುತ್ತಾರೆ, ಹಸಿವು ಕಡಿಮೆಯಾದ ವಯಸ್ಸಿನಲ್ಲಿ ಅಷ್ಟನ್ನು ಬರಿಯ ಧಾನ್ಯದಿಂದ ಪಡೆಯುವುದು ಕಷ್ಟ.

ನಿಜವಾದ ಎಚ್ಚರಿಕೆ ಬೇಕಾಗಿರುವುದು ವಿಟಮಿನ್ ಬಿ12ರ ಬಗ್ಗೆ, ಮತ್ತು ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಆಗುವ ಹಾನಿ ಕೆಲವೊಮ್ಮೆ ಮರಳಿ ಸರಿಹೋಗದು. ಈ ವಿಟಮಿನ್ನನ್ನು ಸಸ್ಯಗಳೂ ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ, ತಯಾರಿಸುವುದು ಸೂಕ್ಷ್ಮಜೀವಿಗಳು. ಮೆಲುಕು ಹಾಕುವ ಪ್ರಾಣಿಗಳ ಜಠರದಲ್ಲಿ ಬ್ಯಾಕ್ಟೀರಿಯಾಗಳು ಉತ್ಪಾದಿಸಿದ ಬಿ12 ಅವುಗಳ ಮಾಂಸ ಮತ್ತು ಹಾಲಿನ ಮೂಲಕ ಮನುಷ್ಯರಿಗೆ ಸಿಗುತ್ತದೆ. ಮಾಂಸ ಮಾತ್ರ ಬಿಟ್ಟು ಹಾಲು, ಮೊಟ್ಟೆಗಳನ್ನು ಸಾಕಷ್ಟು ತೆಗೆದುಕೊಳ್ಳುವವರಿಗೆ ಸ್ವಲ್ಪ ಆಸರೆ ಇದೆ. ಎಲ್ಲವನ್ನೂ ಬಿಟ್ಟವರಿಗೆ ಬಿ12 ಸೇರಿಸಿದ ಆಹಾರ ಅಥವಾ ಮಾತ್ರೆಯ ಹೊರತು ನೆಚ್ಚಬಹುದಾದ ಮೂಲವಿಲ್ಲ. ಸ್ಪಿರುಲಿನಾದಲ್ಲಿ ಬಿ12 ಹೇರಳವಾಗಿದೆಯೆಂಬ ಪ್ರಚಾರವನ್ನು ನಂಬಬಾರದು. ಅದರಲ್ಲಿರುವುದು ಬಹುಪಾಲು ಬಿ12ನ್ನು ಹೋಲುವ, ಮನುಷ್ಯನ ದೇಹಕ್ಕೆ ಉಪಯೋಗವಾಗದ ರೂಪ.

ಬಿ12ರ ಕೊರತೆಯನ್ನು ಕಂಡುಹಿಡಿಯುವುದು ಕಷ್ಟವಾಗಲು ಕಾರಣ ಅದರ ನಿಧಾನ. ವಯಸ್ಕರ ಪಿತ್ತಜನಕಾಂಗದಲ್ಲಿ ಕೆಲವು ಮಿಲಿಗ್ರಾಂ ಬಿ12 ಸಂಗ್ರಹವಿರುತ್ತದೆ, ದಿನದ ಅಗತ್ಯ ಕೇವಲ 2.4 ಮೈಕ್ರೋಗ್ರಾಂ. ಹೀಗಾಗಿ ಆಹಾರ ಬದಲಾಯಿಸಿ ಎರಡು ಮೂರು ವರ್ಷ ಯಾವ ತೊಂದರೆಯೂ ಕಾಣದೆ ಇರಬಹುದು, 'ನನಗೇನೂ ಆಗಿಲ್ಲವಲ್ಲ' ಎಂಬ ಧೈರ್ಯವೂ ಬರಬಹುದು. ಆಮೇಲೆ ಕೈಕಾಲುಗಳಲ್ಲಿ ಜೋಮು, ನಡಿಗೆಯಲ್ಲಿ ಸಮತೋಲನ ತಪ್ಪುವುದು, ಮರೆವು, ನಾಲಿಗೆ ಉರಿ, ಸುಸ್ತು ಕಾಣಿಸಿಕೊಳ್ಳುತ್ತವೆ. ಸೊಪ್ಪು ಬೇಳೆಕಾಳುಗಳಲ್ಲಿ ಹೇರಳವಾಗಿರುವ ಫೋಲೇಟ್ ಇಲ್ಲಿ ಇನ್ನೊಂದು ತೊಡಕನ್ನು ತರುತ್ತದೆ: ಬಿ12 ಕೊರತೆಯ ಮೊದಲ ಸುಳಿವಾದ ರಕ್ತಹೀನತೆಯನ್ನು ಅದು ಮರೆಮಾಡಬಲ್ಲದು, ಆದರೆ ನರಗಳ ಹಾನಿಯನ್ನು ತಡೆಯಲಾರದು. ಮಾತ್ರೆಯ ಪ್ರಮಾಣ ನೋಡಿ ಹಲವರು ಗಾಬರಿಯಾಗುತ್ತಾರೆ. 1944ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ವೀಗನ್ ಸೊಸೈಟಿ ಸಲಹೆ ಮಾಡುವುದು ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಅಥವಾ ವಾರಕ್ಕೆ 2,000 ಮೈಕ್ರೋಗ್ರಾಂ. ಎರಡರ ನಡುವೆ ಇಷ್ಟು ಅಂತರವೇಕೆ? ಜಠರದಲ್ಲಿ ಸ್ರವಿಸುವ ಒಂದು ಪ್ರೋಟೀನು ಒಂದು ಸಲಕ್ಕೆ ಸುಮಾರು 2 ಮೈಕ್ರೋಗ್ರಾಂ ಬಿ12ನ್ನು ಮಾತ್ರ ಹೀರಿಕೊಳ್ಳಲು ನೆರವಾಗುತ್ತದೆ. ಅದಕ್ಕಿಂತ ಹೆಚ್ಚಾದದ್ದರಲ್ಲಿ ರಕ್ತ ಸೇರುವುದು ಶೇ 1ರಷ್ಟು. ಆದ್ದರಿಂದ ಅಪರೂಪಕ್ಕೆ ತೆಗೆದುಕೊಳ್ಳುವವರಿಗೆ ದೊಡ್ಡ ಪ್ರಮಾಣವೇ ಬೇಕಾಗುತ್ತದೆ.

ಮಾತ್ರೆ ಬೇಕಾಗುವ ಆಹಾರ ಅಸಹಜವಲ್ಲವೇ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಸಾಕಣೆ ಕೇಂದ್ರಗಳ ಕೋಳಿ, ಹಂದಿಗಳ ಸಿದ್ಧ ಆಹಾರಕ್ಕೂ ಬಿ12 ಬೆರೆಸುವುದು ರೂಢಿಯಲ್ಲಿದೆ. ಜಠರದ ಆಮ್ಲ ತಗ್ಗುವುದರಿಂದ 50 ದಾಟಿದ ಮಾಂಸಾಹಾರಿಗಳಿಗೂ ಬಿ12 ಸೇರಿಸಿದ ಆಹಾರ ಅಥವಾ ಮಾತ್ರೆ ಒಳ್ಳೆಯದೆಂಬ ಶಿಫಾರಸು ಅಮೆರಿಕದಲ್ಲಿದೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಇದರ ಹೀರಿಕೆ ಕುಗ್ಗುತ್ತದೆ. ಇದನ್ನು ಸಿದ್ಧಾಂತದ ಸೋಲಿನಂತೆ ನೋಡದೆ ಉಪ್ಪಿಗೆ ಅಯೋಡಿನ್ ಬೆರೆಸುವಷ್ಟೇ ಸಹಜವಾಗಿ ಸ್ವೀಕರಿಸುವುದು ಒಳಿತು.

ಕಬ್ಬಿಣದ ಕಥೆ ಬೇರೆ. ಸಸ್ಯಗಳಲ್ಲಿ ಕಬ್ಬಿಣ ಸಾಕಷ್ಟಿದೆ, ಹೀರಿಕೆಯಷ್ಟೇ ಕಡಿಮೆ. ಮಾಂಸದಲ್ಲಿರುವ ಹೀಮ್ ಕಬ್ಬಿಣ ಶೇ 15ರಿಂದ 35ರವರೆಗೆ ಹೀರಲ್ಪಟ್ಟರೆ, ಸಸ್ಯಗಳ ಕಬ್ಬಿಣ ಶೇ 2ರಿಂದ 20ರ ನಡುವೆ ಏರಿಳಿಯುತ್ತದೆ. ಈ ಕಾರಣಕ್ಕೆ ಸಸ್ಯಾಹಾರಿಗಳಿಗೆ 1.8 ಪಟ್ಟು ಕಬ್ಬಿಣ ಬೇಕೆಂದು ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು ಲೆಕ್ಕ ಹಾಕಿತ್ತು. ಏರಿಳಿತ ಇಷ್ಟು ದೊಡ್ಡದಾಗಿರುವುದರಿಂದಲೇ ಅಡುಗೆ ಮತ್ತು ಊಟದ ಕ್ರಮಕ್ಕೆ ಇಲ್ಲಿ ಬೆಲೆ ಬರುತ್ತದೆ. ಕಾಳು ಧಾನ್ಯಗಳನ್ನು ನೆನೆಸುವುದು, ಮೊಳಕೆ ಕಟ್ಟುವುದು, ಹುದುಗಿಸುವುದು ಇವೆಲ್ಲ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟನ್ನು ಒಡೆಯುತ್ತವೆ, ಸತುವಿನ ಹೀರಿಕೆಗೂ ಅನುಕೂಲವಾಗುತ್ತದೆ. ಅದೇ ಊಟದಲ್ಲಿ ನಿಂಬೆ, ಸೀಬೆ, ದೊಣ್ಣೆ ಮೆಣಸಿನಕಾಯಿಯಂಥ ವಿಟಮಿನ್ ಸಿ ಇರುವ ಪದಾರ್ಥವಿದ್ದರೆ ಹೀರಿಕೆ ಹೆಚ್ಚುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಕುಗ್ಗುತ್ತದೆ. ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳು ಆಹಾರ ಬದಲಿಸುವ ಮೊದಲೊಮ್ಮೆ, ವರ್ಷದ ನಂತರವೊಮ್ಮೆ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಕೂಡ ಪರೀಕ್ಷಿಸಿಕೊಂಡರೆ ದೇಹದ ಸಂಗ್ರಹ ಕರಗುತ್ತಿದೆಯೇ ಎಂಬುದು ರಕ್ತಹೀನತೆಗೆ ಮುಂಚೆಯೇ ತಿಳಿಯುತ್ತದೆ. ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆ ನುಂಗುವುದು ತರವಲ್ಲ, ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ.

ಉಳಿದವುಗಳಲ್ಲಿ ಕ್ಯಾಲ್ಸಿಯಂ, ಹಾಲು ಬಿಟ್ಟವರು ಮಾತ್ರ ಯೋಚಿಸಬೇಕಾದದ್ದು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್‌ನಿಂದಾಗಿ ದೇಹಕ್ಕೆ ಸಿಗುವುದು ಶೇ 5ರಷ್ಟೇ. ಕ್ಯಾಲ್ಸಿಯಂ ಬಳಸಿ ಗಟ್ಟಿಗೊಳಿಸಿದ ತೋಫು, ಕ್ಯಾಲ್ಸಿಯಂ ಬೆರೆಸಿದ ಸೋಯಾ ಪಾನೀಯ ಹೆಚ್ಚು ಉಪಯುಕ್ತ. ಅಗಸೆ ಬೀಜ ಮತ್ತು ವಾಲ್‌ನಟ್‌ನಲ್ಲಿರುವ ಒಮೆಗಾ-3 ಕೊಬ್ಬು ಮೀನಿನಲ್ಲಿರುವ ರೂಪಕ್ಕೆ ಬದಲಾಗುವುದು ಅತ್ಯಲ್ಪ, ಬೇಕೆನಿಸಿದವರಿಗೆ ಪಾಚಿಯಿಂದ ತೆಗೆದ ಎಣ್ಣೆ ದೊರೆಯುತ್ತದೆ.

ಈಗ ಪರಿಸರದ ಪ್ರಶ್ನೆ. 2018ರಲ್ಲಿ 119 ದೇಶಗಳ ಸುಮಾರು 38,700 ಹೊಲ ತೋಟಗಳ ಮಾಹಿತಿಯನ್ನು ಒಗ್ಗೂಡಿಸಿದ ಪೂರ್ ಮತ್ತು ನೆಮೆಚೆಕ್ ಅವರ ಅಧ್ಯಯನವು ಮಾನವ ಚಟುವಟಿಕೆಯಿಂದಾಗುವ ಹಸಿರುಮನೆ ಅನಿಲಗಳಲ್ಲಿ ಶೇ 26ರಷ್ಟು ಆಹಾರ ವ್ಯವಸ್ಥೆಯಿಂದ ಬರುತ್ತದೆಂದು ಲೆಕ್ಕ ಹಾಕಿತು. ಮಾಂಸ, ಸಾಕಿದ ಮೀನು, ಮೊಟ್ಟೆ, ಹಾಲುಗಳು ಕೃಷಿಭೂಮಿಯ ಸುಮಾರು ಶೇ 83ನ್ನು ಬಳಸಿಕೊಂಡು ಕೊಡುವುದು ಜಗತ್ತಿನ ಪ್ರೋಟೀನಿನ ಶೇ 37, ಕ್ಯಾಲೊರಿಯ ಶೇ 18 ಮಾತ್ರ. ಈ ಭೂಮಿಯ ದೊಡ್ಡ ಭಾಗ ಬೆಳೆ ತೆಗೆಯಲಾಗದ ಹುಲ್ಲುಗಾವಲೆಂಬುದೂ, ಜಾನುವಾರುಗಳ ಮೇವಿನ ಶೇ 86ರಷ್ಟು ಮನುಷ್ಯರು ತಿನ್ನಲಾಗದ ಪದಾರ್ಥವೆಂಬುದೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರ ಲೆಕ್ಕ. ಇದು ಗೌರವಿಸಬೇಕಾದ ಆಕ್ಷೇಪ. ಆದರೆ ಹುಲ್ಲು ತಿಂದ ದನ ಹೊರಬಿಡುವ ಮೀಥೇನ್ ಅದರಿಂದ ಕಡಿಮೆಯಾಗುವುದಿಲ್ಲ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ನೋಡಿದರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿದಿಡುವ ಅನಿಲ.

ಇಲ್ಲಿಯೂ ಬದಲಿಗೆ ಏನು ಬಂತು ಎಂಬುದೇ ಮುಖ್ಯವಾಗುತ್ತದೆ. ಅದೇ ಅಧ್ಯಯನದ ಪ್ರಕಾರ 100 ಗ್ರಾಂ ಪ್ರೋಟೀನಿಗೆ ಹೊರಬೀಳುವ ಅನಿಲ ಮಾಂಸಕ್ಕಾಗಿಯೇ ಸಾಕಿದ ದನದಲ್ಲಿ ಸರಾಸರಿ 50 ಕಿಲೋ, ಚೀಸ್‌ನಲ್ಲಿ ಸುಮಾರು 11, ಕೋಳಿ ಮಾಂಸದಲ್ಲಿ 6ರ ಆಸುಪಾಸು, ತೋಫುವಿನಲ್ಲಿ 2, ಬಟಾಣಿಯಲ್ಲಿ ಅರ್ಧ ಕಿಲೋಗಿಂತ ಕಡಿಮೆ. ಕೋಳಿ ಬಿಟ್ಟು ಆ ಪ್ರೋಟೀನನ್ನು ಚೀಸ್‌ನಿಂದ ಪಡೆಯುವವರು ಸಸ್ಯಾಹಾರಿಗಳಾದರೂ ಅವರ ಆಹಾರದಿಂದ ಹೊರಬೀಳುವ ಅನಿಲ ಹೆಚ್ಚಾಗುತ್ತದೆ. ದನದ ಮಾಂಸ ಬಿಟ್ಟು ಬಟಾಣಿಯಂಥ ಕಾಳಿಗೆ ಬಂದವರಲ್ಲಿ ಅಷ್ಟೇ ಪ್ರೋಟೀನಿಗೆ ಹೊರಬೀಳುವ ಅನಿಲ ನೂರನೇ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. 2023ರಲ್ಲಿ ಆಕ್ಸ್‌ಫರ್ಡ್ ತಂಡವೊಂದು ಬ್ರಿಟನ್ನಿನ 55,000 ಜನರ ನಿಜವಾದ ಊಟವನ್ನು ಆಧರಿಸಿ ಮಾಡಿದ ಲೆಕ್ಕ ಇನ್ನೂ ಉಪಯುಕ್ತ: ದಿನಕ್ಕೆ 100 ಗ್ರಾಂಗಿಂತ ಹೆಚ್ಚು ಮಾಂಸ ತಿನ್ನುವವರ ಆಹಾರದಿಂದ ದಿನಕ್ಕೆ ಸುಮಾರು 10.2 ಕಿಲೋ ಅನಿಲ ಹೊರಬೀಳುತ್ತದೆ, 50 ಗ್ರಾಂಗಿಂತ ಕಡಿಮೆ ತಿನ್ನುವವರದು 5.4, ಸಸ್ಯಾಹಾರಿಗಳದು 4.2, ವೀಗನ್ನರದು 2.5. ಅತಿ ದೊಡ್ಡ ಇಳಿತ ಬಹಳ ಮಾಂಸದಿಂದ ಸ್ವಲ್ಪ ಮಾಂಸಕ್ಕೆ ಬರುವಾಗಲೇ ಆಗುತ್ತದೆ. ಪೂರ್ತಿ ಬಿಡಲಾಗದೆ ಅರ್ಧಕ್ಕೆ ನಿಂತವರನ್ನು ಸೋತವರೆಂದು ಎಣಿಸುವ ಅಭ್ಯಾಸ ಈ ಅಂಕಿಗಳ ಮುಂದೆ ನ್ಯಾಯವಾಗಿ ಕಾಣುವುದಿಲ್ಲ.

ಪ್ರಾಣಿಗಳ ಹಿತಕ್ಕಾಗಿ ಬದಲಾಗುವವರು ಇದೇ ಪ್ರಶ್ನೆಯನ್ನು ಇನ್ನಷ್ಟು ನೇರವಾಗಿ ಎದುರಿಸಬೇಕಾಗುತ್ತದೆ. ಹಾಲು ಬರಬೇಕಾದರೆ ಹಸು ಕರು ಹಾಕಲೇಬೇಕು, ಗಂಡು ಕರುಗಳಿಗೆ ಹಾಲಿನ ಉದ್ಯಮದಲ್ಲಿ ಜಾಗವಿಲ್ಲ. ಮೊಟ್ಟೆಗಾಗಿಯೇ ಬೆಳೆಸುವ ತಳಿಗಳ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದು ಬಹುತೇಕ ಕಡೆ ನಡೆದುಬಂದಿದೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಮಾಂಸದ ಜಾಗಕ್ಕೆ ಮೊಟ್ಟೆ ಮತ್ತು ಹಾಲನ್ನು ಹೆಚ್ಚಿಸಿಕೊಂಡವರು ಈ ಸರಪಳಿಯಿಂದ ಹೊರಗೆ ಬಂದಿಲ್ಲ ಎಂಬುದನ್ನು ಅವರೇ ಅರಿತು ತೀರ್ಮಾನಿಸಬೇಕು.

ಬದಲಾವಣೆ ಉಳಿಯುತ್ತದೆಯೇ ಎಂಬುದು ಕಡಿಮೆ ಚರ್ಚೆಯಾಗಿರುವ ವಿಷಯ. ಫಾನಲಿಟಿಕ್ಸ್ ಎಂಬ ಸಂಸ್ಥೆ 2014ರಲ್ಲಿ ಅಮೆರಿಕದ ಸುಮಾರು 11,000 ವಯಸ್ಕರನ್ನು ಸಮೀಕ್ಷೆ ಮಾಡಿದಾಗ, ಒಮ್ಮೆ ಸಸ್ಯಾಹಾರ ಅಥವಾ ವೀಗನ್ ಆಹಾರಕ್ಕೆ ಬಂದವರಲ್ಲಿ ಶೇ 84ರಷ್ಟು ಜನ ಅದನ್ನು ಕೈಬಿಟ್ಟಿದ್ದರು. ಬಿಟ್ಟವರಲ್ಲಿ ಮೂರನೇ ಒಂದರಷ್ಟು ಮಂದಿ ಮೂರು ತಿಂಗಳೊಳಗೇ ಹಿಂದಿರುಗಿದ್ದರು. ಹೆಚ್ಚಿನವರು ಬಿ12 ಮಟ್ಟವನ್ನು ಎಂದೂ ಪರೀಕ್ಷಿಸಿಕೊಂಡಿರಲಿಲ್ಲ, ಸುತ್ತಲಿನವರ ನಡುವೆ ಬೇರೆಯಾಗಿ ಕಾಣುವುದೂ ಅವರಿಗೆ ಕಷ್ಟವಾಗಿತ್ತು. ದೇಹದ ಕಡೆಯಿಂದಲೂ ಆರಂಭದ ವಾರಗಳು ಸುಲಭವಲ್ಲ. ಬೇಳೆಕಾಳುಗಳ ರಾಫಿನೋಸ್‌ನಂಥ ಸಕ್ಕರೆಗಳನ್ನು ನಮ್ಮ ಸಣ್ಣ ಕರುಳು ಅರಗಿಸಲಾರದು, ಅವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸುವಾಗ ಹೊಟ್ಟೆ ಉಬ್ಬರ ಕಾಣಿಸಿಕೊಳ್ಳುತ್ತದೆ. ನೆನೆಸಿದ ನೀರನ್ನು ಚೆಲ್ಲಿ ಬೇಯಿಸಿ, ಪ್ರಮಾಣವನ್ನು ಕೆಲವು ವಾರಗಳಲ್ಲಿ ನಿಧಾನವಾಗಿ ಏರಿಸಿದರೆ ಬಹುಪಾಲು ಜನರಿಗೆ ಒಗ್ಗುತ್ತದೆ. ಒಂದೇ ದಿನದಲ್ಲಿ ಎಲ್ಲವನ್ನೂ ಬಿಟ್ಟು ಅಡುಗೆಮನೆಯಲ್ಲಿ ಬದಲಿ ಏನೆಂದು ತಿಳಿಯದೆ ನಿಲ್ಲುವುದಕ್ಕಿಂತ, ವಾರಕ್ಕೊಂದು ಹೊಸ ಬೇಳೆಕಾಳಿನ ಅಡುಗೆ ಕಲಿತು, ಅದು ಕೈಗೆ ಹತ್ತಿದ ಮೇಲೆ ಒಂದೊಂದೇ ಹೊತ್ತಿನ ಮಾಂಸವನ್ನು ಬಿಡುವ ಕ್ರಮವನ್ನೇ ನಾನು ಸೂಚಿಸುತ್ತೇನೆ.

ಕೊನೆಯದಾಗಿ, ವೈಯಕ್ತಿಕ ಆಯ್ಕೆ ಎಂಬ ಮಾತು ಪೂರ್ತಿ ಅನ್ವಯಿಸದವರು ಗರ್ಭಿಣಿಯರು ಮತ್ತು ಮಕ್ಕಳು. ಚೆನ್ನಾಗಿ ಯೋಜಿಸಿದ ಸಸ್ಯಾಹಾರ ಜೀವನದ ಎಲ್ಲ ಹಂತಗಳಿಗೂ ಸೂಕ್ತವೆಂದು ಅಮೆರಿಕದ ಪೋಷಣಾ ತಜ್ಞರ ಅಕಾಡೆಮಿ 2016ರಲ್ಲಿ ಹೇಳಿತ್ತು; 2025ರ ಅದರ ಹೊಸ ನಿಲುವು ಗರ್ಭಿಣಿಯರಲ್ಲದ, ಎದೆಹಾಲು ಉಣಿಸದ ವಯಸ್ಕರಿಗೆ ಮಾತ್ರ ಸೀಮಿತವಾಗಿದೆ. ಜರ್ಮನಿಯ ಪೋಷಣಾ ಸಂಘ 2016ರಲ್ಲಿ ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ ವೀಗನ್ ಆಹಾರವನ್ನು ಶಿಫಾರಸು ಮಾಡುವುದಿಲ್ಲವೆಂದಿತ್ತು, 2024ರಲ್ಲಿ ಮಾಹಿತಿ ಸಾಲದ ಕಾರಣ ಪರವಾಗಿಯೂ ವಿರುದ್ಧವಾಗಿಯೂ ಹೇಳಲಾಗದೆಂಬ ನಿಲುವಿಗೆ ಬಂತು. ತಾಯಿಯಲ್ಲಿ ಬಿ12 ಕಡಿಮೆಯಿದ್ದರೆ ಎದೆಹಾಲಿನಲ್ಲೂ ಕಡಿಮೆಯಿರುತ್ತದೆ, ಮತ್ತು ವಯಸ್ಕರಂತೆ ವರ್ಷಗಟ್ಟಲೆಯ ಸಂಗ್ರಹ ಇರದ ಶಿಶುವಿನಲ್ಲಿ ಕೆಲವೇ ತಿಂಗಳಲ್ಲಿ ಬೆಳವಣಿಗೆ ಕುಂಠಿತವಾಗಿ ನರಮಂಡಲಕ್ಕೆ ಹಾನಿಯಾಗಬಹುದು. ಹಾಲು ಮೊಟ್ಟೆಗಳನ್ನೂ ಬಿಟ್ಟ ಹೆಣ್ಣುಮಕ್ಕಳು ಗರ್ಭ ಧರಿಸಲು ಯೋಚಿಸುತ್ತಿರುವಾಗಲೇ ಬಿ12, ಫೆರಿಟಿನ್, ವಿಟಮಿನ್ ಡಿ ಮಟ್ಟಗಳನ್ನು ಪರೀಕ್ಷಿಸಿಕೊಂಡು, ಅಯೋಡಿನ್ ಸೇವನೆ ಸಾಕಷ್ಟಿದೆಯೇ ಎಂದು ವೈದ್ಯರ ಜೊತೆ ಮಾತನಾಡಿ, ಬಿ12 ಮಾತ್ರೆಯನ್ನು ಹಾಲೂಡಿಸುವ ಅವಧಿ ಮುಗಿಯುವವರೆಗೂ, ಆಮೇಲೂ, ತಪ್ಪದೆ ಮುಂದುವರಿಸಬೇಕು.